ಬೂಟಿನ ಆಯುಸ್ಸು

ಈ ಸಲದ ಸಂಚಿಕೆಗೆ ಬೂಟನ್ನು ಕುರಿತು ಬರೆಯುತ್ತೇನೆಂದಾಗ ಗೆಳೆಯರು ನಕ್ಕರು. ಕಣ್ಣನ್ನು ಕುರಿತು, ಕೇಶರಾಶಿಯನ್ನು ಕುರಿತು, ಕೊನೆಗೆ ಮೂಗನ್ನು ಕುರಿತೂ ನಮ್ಮಲ್ಲಿ ಬರೆದವರುಂಟು. ಆದರೆ ಪಾದದ ವಿಚಾರಕ್ಕೆ ಬಂದರೆ ಅದು ದೇವರ ಪಾದವಾಗಿರಬೇಕು, ಇಲ್ಲವೆ ಗುರುಗಳ ಪಾದವಾಗಿರಬೇಕು. ದಿನಕ್ಕೆ ಎರಡು ಹರದಾರಿ ನಡೆಯುವ ನಿಮ್ಮ ನಮ್ಮ ಪಾದಗಳಿಗೆ ಸಾಹಿತ್ಯದಲ್ಲಿ ಸ್ಥಾನವಿಲ್ಲ. ಅದರ ಮೇಲಿನ ಹೊದಿಕೆಗೆ ಹೆಸರುಗಳಿಗೇನೂ ಬರವಿಲ್ಲ. ಕೆರ, ಮೆಟ್ಟು, ಎಕ್ಕಡ, ಜೋಡು, ಪಾಪಾಸು, ಚಪ್ಪಲಿ ಎಂದು ಹೇಳುತ್ತ ಹೋಗಬಹುದು. ಇವುಗಳಲ್ಲಿ ಅರ್ಧಕ್ಕರ್ಧ ಹೆಸರುಗಳನ್ನು ನಾವು ನಡೆಯುವಾಗ ಬಳಸುವುದಕ್ಕಿಂತ ಬೈಯುವಾಗ ಬಳಸುವುದೇ ಹೆಚ್ಚು ಎಂಬುದನ್ನು ಮಾತ್ರ ವಾಚಕರು ಗಮನಿಸಬೇಕು.

ನನಗೆ ಈ ವಿಷಯದಲ್ಲಿ ಬರೆಯಲು ಏನು ಅಧಿಕಾರ ಎಂದು ಕೇಳುವವರಿಗೆ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ನಮ್ಮ ಮನೆಯ ಕಸುಬು ಅದೇ. ಸಕಲೇಶಪುರದ ಕಡೆಯ ಒಂದು ಸಣ್ಣ ಪೇಟೆಯಲ್ಲಿ, ಬಸ್ ನಿಲ್ದಾಣದ ಎದುರಿನ ಮರದ ಬುಡದಲ್ಲಿ ಕುಳಿತು, ನಮ್ಮ ತಂದೆಯವರು ಮೂವತ್ತೊಂದು ವರ್ಷಗಳಿಂದ ಊರಿನವರ ಕಾಲುಗಳನ್ನು ಕಾಯುತ್ತಿದ್ದಾರೆ. ಒಂದು ಮೂರು ಕಾಲಿನ ಕಬ್ಬಿಣದ ಅಡಿ, ಒಂದು ರಂಪಿಗೆ, ಎರಡು ಮೂರು ಆರಿ, ಒಂದು ಉಳಿ, ಸುತ್ತಿಗೆ, ನೀರಿನ ತಟ್ಟೆ, ಜೇನುಮೇಣದ ಉಂಡೆ, ಮಳೆಗಾಲಕ್ಕೆ ಒಂದು ತಾಡಪಾಲು, ಇಷ್ಟು ಅವರ ಕಾರ್ಖಾನೆ. ನಾನು ಪ್ರೌಢಶಾಲೆಯಲ್ಲಿದ್ದಾಗ ಸಂಜೆಯ ಹೊತ್ತು ಅಲ್ಲೇ ಪಕ್ಕದಲ್ಲಿ ಕುಳಿತು ಓದುತ್ತಿದ್ದೆ. ಇತಿಹಾಸದ ಪುಸ್ತಕ ಕೈಯಲ್ಲಿದ್ದರೂ ಕಣ್ಣು ಅಪ್ಪನ ಕೈಯಲ್ಲಿರುತ್ತಿತ್ತು. ಪಾಣಿಪತ್ ಕದನದ ವರ್ಷಗಳ ಜೊತೆಗೆ ಬೂಟಿನ ವಿದ್ಯೆಯೂ ನನಗೆ ಅಂಟಿಕೊಂಡದ್ದು ಹೀಗೆ.

ನಮ್ಮ ಸೀಮೆಯಲ್ಲಿ ಬೂಟು ಅಲಂಕಾರದ ವಸ್ತುವಲ್ಲ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಳೆ; ಕಾಡಿಗೆ ಕಾಲಿಟ್ಟರೆ ಇಂಬಳ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಸುಮಾರು ೫೫ ಕಿಲೋಮೀಟರಿನ ಘಟ್ಟದ ರೈಲುಹಾದಿಯಲ್ಲಿ ಹಳಿ ನೋಡುತ್ತ ನಡೆಯುವ ಕೆಲಸಗಾರರು, ಅರಣ್ಯ ರಕ್ಷಕರು, ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ಗಳು, ಮರದ ಲಾರಿಯವರು, ಇವರೇ ಅಪ್ಪನ ಗಿರಾಕಿಗಳು. ಹಳಿಯ ಜಲ್ಲಿಕಲ್ಲಿನ ಮೇಲೆ ದಿನವಿಡೀ ನಡೆಯುವವನ ಬೂಟಿನ ಅಡಿ ನೋಡಿದರೆ ಅವನು ಯಾವ ಕಾಲನ್ನು ಎಳೆದು ನಡೆಯುತ್ತಾನೆಂಬುದು ಗೊತ್ತಾಗುತ್ತದೆ. ಲೈನ್‌ಮನ್ ಬೂಟಿಗೆ ಅಪ್ಪ ಎಷ್ಟು ಬೇಡಿಕೊಂಡರೂ ಕಬ್ಬಿಣದ ಮೊಳೆ ಹೊಡೆಯುವುದಿಲ್ಲ. “ಕರೆಂಟಿನವರ ಕಾಲಿಗೆ ಕಬ್ಬಿಣ ತಾಗಿಸಬಾರದು ಸ್ವಾಮಿ, ನಿಮ್ಮ ಮನೆಯಲ್ಲಿ ಕಾಯುವವರಿದ್ದಾರೆ” ಎಂದು ಹೊಲಿಗೆಯನ್ನೇ ಹಾಕಿಕೊಡುತ್ತಾರೆ.

ಬೂಟನ್ನು ಆರಿಸುವ ಬಗೆ ಹೇಗೆ? ಎತ್ತು ಕೊಳ್ಳುವವನು ಮೊದಲು ಅದರ ಬಾಯಿ ತೆರೆದು ಹಲ್ಲು ನೋಡುತ್ತಾನೆ. ಕೊಂಬಿಗೆ ಬಳಿದ ಬಣ್ಣವನ್ನಲ್ಲ. ಅಪ್ಪನೂ ಹಾಗೆಯೇ. ಯಾರಾದರೂ ಹೊಸ ಬೂಟು ತಂದು ತೋರಿಸಿದರೆ ಅದರ ಹೊಳಪಿನ ಮುಖವನ್ನು ನೋಡುವುದೇ ಇಲ್ಲ. ಬೋರಲು ಮಾಡಿ, ಮೇಲಿನ ಚರ್ಮವೂ ಕೆಳಗಿನ ಅಟ್ಟೆಯೂ ಕೂಡುವ ಜಾಗದಲ್ಲಿ ಹೆಬ್ಬೆರಳಿನ ಉಗುರು ಆಡಿಸುತ್ತಾರೆ. ಬೂಟಿನ ಜಾತಕವೆಲ್ಲ ಆ ಸಂದಿನಲ್ಲಿರುತ್ತದೆ.

ಆ ಸಂದನ್ನು ಕೂಡಿಸುವುದರಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಒಂದು, ಹೊಲಿಗೆಯ ಬಗೆ. ಇದರಲ್ಲಿ ಬೂಟಿನ ಸುತ್ತ ಬೆರಳಗಲಕ್ಕಿಂತ ಕಿರಿದಾದ ಚರ್ಮದ ಪಟ್ಟಿಯೊಂದು ಬರುತ್ತದೆ. ಇದನ್ನು ವೆಲ್ಟ್ ಎನ್ನುತ್ತಾರೆ. ಮೇಲಿನ ಚರ್ಮ ಮತ್ತು ಒಳ ಅಟ್ಟೆಗಳನ್ನು ಈ ಪಟ್ಟಿಗೆ ಒಂದು ಹೊಲಿಗೆಯಿಂದ ಸೇರಿಸಿ, ಹೊರ ಅಟ್ಟೆಯನ್ನು ಅದೇ ಪಟ್ಟಿಗೆ ಇನ್ನೊಂದು ಹೊಲಿಗೆಯಿಂದ ಸೇರಿಸುತ್ತಾರೆ. ಅಟ್ಟೆ ಸವೆದರೆ ಎರಡನೆಯ ಹೊಲಿಗೆಯನ್ನು ಮಾತ್ರ ಬಿಚ್ಚಿದರಾಯಿತು. ಮೇಲಿನ ಚರ್ಮಕ್ಕೆ ಗಾಯವಾಗದು. ಕೈಯಿಂದ ಮಾಡುತ್ತಿದ್ದ ಈ ಕೆಲಸವನ್ನು ೧೮೭೦ರ ಸುಮಾರಿಗೆ ಅಮೆರಿಕದಲ್ಲಿ ಯಂತ್ರಕ್ಕೆ ಕಲಿಸಿದವನು ಚಾರ್ಲ್ಸ್ ಗುಡ್‌ಇಯರ್ ಎಂಬಾತ. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿ ಮಾಡಿದ ಪ್ರಸಿದ್ಧ ಗುಡ್‌ಇಯರ್‌ನ ಮಗ. ತಂದೆ ಮಗನಿಗೆ ಒಂದೇ ಹೆಸರಾದ್ದರಿಂದ ಬಹಳ ಮಂದಿ ಇಬ್ಬರನ್ನೂ ಒಬ್ಬನೇ ಎಂದುಕೊಳ್ಳುತ್ತಾರೆ. ಎರಡನೆಯದು ಅಂಟಿನ ಬಗೆ. ಹಗುರ, ಅಗ್ಗ, ನೋಟಕ್ಕೆ ಚೆಂದ. ಅಂಟು ಬಿಟ್ಟರೆ ಸುತ್ತ ಹೊಲಿಗೆ ಹಾಕಿ ಆರು ತಿಂಗಳು ದೂಡಬಹುದು. ಮೂರನೆಯದು ರಬ್ಬರಿನ ಅಡಿಯನ್ನು ಅಚ್ಚಿನಲ್ಲಿ ನೇರವಾಗಿ ಚರ್ಮಕ್ಕೆ ಎರಕ ಹೊಯ್ಯುವ ಬಗೆ. ನಮ್ಮ ಎನ್.ಸಿ.ಸಿ.ಯವರು ಡಿ.ಎಂ.ಎಸ್. ಬೂಟು ಎನ್ನುತ್ತಾರಲ್ಲ, ಅದು ಇದೇ. ನೀರು ಸುಲಭವಾಗಿ ಒಳಗೆ ಬರುವುದಿಲ್ಲ, ಬಹಳ ದಿನ ಬರುತ್ತದೆ. ಆದರೆ ಅಡಿ ಸವೆದ ದಿನ ಅದರ ಕಥೆ ಮುಗಿಯಿತು.

ಅಡಿಯನ್ನು ನೋಡಿದ ಮೇಲೆ ಚರ್ಮ. ದನದ ಅಥವಾ ಎಮ್ಮೆಯ ಚರ್ಮ ದಪ್ಪವಾಗಿರುವುದರಿಂದ ಅದನ್ನು ಯಂತ್ರದಲ್ಲಿ ಪದರ ಪದರವಾಗಿ ಸೀಳುತ್ತಾರೆ. ಕೂದಲಿದ್ದ ಕಡೆಯ ಮೇಲ್ಪದರದಲ್ಲಿ ನಾರು ಒತ್ತಾಗಿ ಹೆಣೆದುಕೊಂಡಿರುತ್ತದೆ, ಬಲವೆಲ್ಲ ಅಲ್ಲಿದೆ. ಕೆಳಗಿನ ಪದರ ಸಡಿಲು. ಈ ಕೆಳಪದರದ ಮೇಲೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟು, ಸೊಳ್ಳೆ ಕಚ್ಚಿದ ಗುರುತೂ ಇಲ್ಲದಂತೆ ನುಣುಪು ಮಾಡಿ, ಒಳಗಡೆ “ಅಪ್ಪಟ ಚರ್ಮ” ಎಂದು ಮುದ್ರೆ ಒತ್ತಿ ಮಾರುತ್ತಾರೆ. ಅದು ಸುಳ್ಳೇನೂ ಅಲ್ಲ. ನುಚ್ಚೂ ಅಕ್ಕಿಯೇ ತಾನೆ! ಪರೀಕ್ಷೆ ಸುಲಭ. ಬೂಟಿನ ಮುಂಭಾಗವನ್ನು ಬೆರಳಿನಿಂದ ಒತ್ತಿ ಮಡಿಸಿ ನೋಡಬೇಕು. ಒಳ್ಳೆಯ ಚರ್ಮದಲ್ಲಿ ಮುದುಕಿಯ ಕೈಯ ಹಾಗೆ ಸಣ್ಣ ಸಣ್ಣ ಸುಕ್ಕುಗಳು ಎದ್ದು, ಕೈ ಬಿಟ್ಟಾಗ ಅಡಗುತ್ತವೆ. ಲೇಪದ ಚರ್ಮದಲ್ಲಿ ಒಂದೇ ದಪ್ಪ ಮಡಿಕೆ ಬೀಳುತ್ತದೆ. ನಾಳೆ ಬಿರುಕು ಬಿಡುವುದು ಅಲ್ಲೇ. ನಾಲಿಗೆಯ ಅಂಚಿನಲ್ಲಿ ಕತ್ತರಿಸಿದ ಭಾಗವನ್ನು ನೋಡಿದರೆ ನಾರು ಕಾಣಬೇಕು. ಅಲ್ಲಲ್ಲಿ ಮುಳ್ಳು ಗೀರಿದ ಕಲೆ ಇದ್ದರೆ ಹೆದರಬೇಕಾದ್ದಿಲ್ಲ. ಪ್ರಾಣಿಯೊಂದು ಬೇಲಿ ಹಾರಿ ಬದುಕಿತ್ತೆಂಬುದಕ್ಕೆ ಅದು ಸಾಕ್ಷಿ.

ಚರ್ಮ ಹದ ಮಾಡುವುದರಲ್ಲಿಯೂ ಎರಡು ದಾರಿಗಳುಂಟು. ನಮ್ಮ ತಾತನ ಕಾಲದವರು ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ನೆನೆಹಾಕುತ್ತಿದ್ದರು. ಗಟ್ಟಿ ಅಟ್ಟೆಗೆ ಇಂದಿಗೂ ತೊಗಟೆಯ ಚರ್ಮವೇ ಮೇಲು. ನೀರು ಬಿದ್ದರೆ ಮಾತ್ರ ಬಣ್ಣ ಕಪ್ಪಾಗುತ್ತದೆ. ಇನ್ನೊಂದು ಕ್ರೋಮ್ ಉಪ್ಪಿನ ಹದ. ದಿನವೊಂದರಲ್ಲಿಯೇ ಮುಗಿಯುವಂಥದು, ಚರ್ಮ ಮೆದುವಾಗಿ ನೀರು ಶಾಖಗಳನ್ನು ಹೆಚ್ಚು ತಡೆಯುತ್ತದೆ. ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಬಳಕೆಗೆ ತರಲು ದುಡಿದವರು ಆಲ್‌ಫ್ರೆಡ್ ಚಾಟರ್ಟನ್. ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರೂ ಆದರು. ಈ ವಿದ್ಯೆಗೆಂದೇ ೧೯೪೮ರಲ್ಲಿ ಮದರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಹುಟ್ಟಿತು. ಬೂಟಿನ ಮೇಲ್ಭಾಗ ಕ್ರೋಮ್, ಅಡಿ ತೊಗಟೆ ಎಂಬುದು ಅಪ್ಪನ ಸೂತ್ರ. ಕಾರ್ಖಾನೆಯಲ್ಲಿ ದುಡಿಯುವವರಿಗೆ ಇನ್ನೊಂದು ಮಾತು: ಮುಂಗಾಲಿನಲ್ಲಿ ಉಕ್ಕಿನ ಟೋಪಿಯಿರುವ ಬೂಟು ಕೊಳ್ಳುವಾಗ ಐ.ಎಸ್. ೧೫೨೯೮ ಎಂಬ ಗುರುತನ್ನು ನೋಡಿ ಕೊಳ್ಳಬೇಕು. ಅದರ ಮೇಲೆ ಒಮ್ಮೆ ಭಾರಿ ವಸ್ತು ಬಿದ್ದಮೇಲೆ, ಹೊರಗೆ ನೆಟ್ಟಗೆ ಕಂಡರೂ, ಅದನ್ನು ಮತ್ತೆ ನಂಬಬಾರದು.

ಅಳತೆಯ ವಿಚಾರದಲ್ಲಿ ಹೇಳುವುದು ಹೆಚ್ಚೇನಿಲ್ಲ. ಸಂಜೆ ಹೊತ್ತು ಕೊಳ್ಳಬೇಕು, ಆಗ ಕಾಲು ಕೊಂಚ ಊದಿರುತ್ತದೆ. ಹಾಕಿಕೊಳ್ಳುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು. ಹಿಮ್ಮಡಿ ಬಿಗಿ, ಬೆರಳ ಮುಂದೆ ಹೆಬ್ಬೆರಳಗಲ ಜಾಗ. “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್” ಎನ್ನುವ ಅಂಗಡಿಯವನ ಮಾತು ಅಗಲದ ಮಟ್ಟಿಗೆ ನಿಜ. ಉದ್ದ ಮಾತ್ರ ಯಾವ ಬೂಟಿನಲ್ಲಿಯೂ ಬೆಳೆಯದು.

ಇನ್ನು ಪೋಷಣೆ. ಇದನ್ನು ನಾನು ಅಪ್ಪನಿಂದ ಅರ್ಧ, ಎನ್.ಸಿ.ಸಿ.ಯಿಂದ ಅರ್ಧ ಕಲಿತೆ. ಎನ್.ಸಿ.ಸಿ. ಹುಟ್ಟಿದ್ದು ೧೯೪೮ರಲ್ಲಿ. ಆ ಕಾಲದ ಬೂಟುಗಳಿಗೆ ಅಡಿಯಲ್ಲಿ ಗುಂಡುಮೊಳೆ, ಹಿಮ್ಮಡಿಗೆ ಲಾಳದಂಥ ಕಬ್ಬಿಣವಿದ್ದು, ಕವಾಯತಿನ ಮೈದಾನದಲ್ಲಿ ಕುದುರೆಗಳು ನಡೆದಂತೆ ಸದ್ದಾಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ೧೯೬೩ರಲ್ಲಿ ಕಾಲೇಜಿನ ಹುಡುಗರಿಗೆ ಈ ಶಿಕ್ಷಣವನ್ನು ಕಡ್ಡಾಯ ಮಾಡಿ ೧೯೬೮ರಲ್ಲಿ ಮತ್ತೆ ಐಚ್ಛಿಕ ಮಾಡಿದರು. ಕಡ್ಡಾಯವಾದದ್ದಕ್ಕೆ ಕಾರಣ ೧೯೬೨ರ ಯುದ್ಧ. ಆ ಅಕ್ಟೋಬರಿನಲ್ಲಿ ಈಶಾನ್ಯದ ಗಡಿಯ ನಾಮ್‌ಕಾ ಚು ಕಣಿವೆಯಲ್ಲಿ ನಮ್ಮ ಸೈನಿಕರಲ್ಲಿ ಅನೇಕರು ಬೇಸಿಗೆಯ ಹತ್ತಿಯ ಉಡುಪಿನಲ್ಲಿ, ಕ್ಯಾನ್‌ವಾಸ್ ಬೂಟುಗಳಲ್ಲಿ, ಹಿಮದ ನಡುವೆ ನಿಂತಿದ್ದರು. ಬಂದೂಕಿನ ವಿಚಾರ ಎಲ್ಲರೂ ಮಾತಾಡುತ್ತಾರೆ. ಒದ್ದೆಯಾದ ಬಟ್ಟೆಯ ಬೂಟಿನೊಳಗೆ ಬೆರಳುಗಳಿಗೆ ಏನಾಗುತ್ತದೆಂಬುದನ್ನು ಯೋಚಿಸಿದವರು ಕಡಮೆ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಕಳೆದ ಜುಲೈ ತಿಂಗಳಲ್ಲಿ ಒಬ್ಬ ಮಿತ್ರರು ನೆನೆದ ಬೂಟುಗಳನ್ನು ಅಡಿಗೆಮನೆಯ ಒಲೆಯ ಪಕ್ಕದಲ್ಲಿಟ್ಟರು. ಬೆಳಗಾಗುವಷ್ಟರಲ್ಲಿ ಅವು ಹಪ್ಪಳಕ್ಕೆ ಸಮೀಪವಾಗಿದ್ದವು. ನೆನೆದ ಚರ್ಮಕ್ಕೆ ಬೆಂಕಿಯೂ ಸುಡುಬಿಸಿಲೂ ಶತ್ರುಗಳು. ಮೊದಲು ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಳ ಹಾಳೆಯನ್ನೂ ಲಾಡಿಯನ್ನೂ ತೆಗೆದು, ಒಳಗೆ ಹಳೆಯ ವೃತ್ತಪತ್ರಿಕೆಯನ್ನು ಉಂಡೆ ಮಾಡಿ ತುರುಕಿ, ಗಾಳಿಯಾಡುವ ನೆರಳಿನಲ್ಲಿ ಒರಗಿಸಿಡಬೇಕು. ಕಾಗದವನ್ನು ಎರಡು ಗಂಟೆಗೊಮ್ಮೆ ಬದಲಾಯಿಸಿದರೆ ಒಳ್ಳೆಯದು. (ಸಂಪಾದಕೀಯದ ಪುಟವೇ ಹೆಚ್ಚು ನೀರು ಹೀರುತ್ತದೆಂದು ನಮ್ಮ ಕೋಣೆಯವರ ಸಂಶೋಧನೆ.) ಪೂರ್ತಿ ಒಣಗುವ ಮುನ್ನ, ಚರ್ಮ ಇನ್ನೂ ತುಸು ತಣ್ಣಗಿರುವಾಗ, ಎಣ್ಣೆ ಕೊಡಬೇಕು. ನಮ್ಮ ಹಳ್ಳಿಗಳಲ್ಲಿ ಮೆಟ್ಟಿಗೆ ಹರಳೆಣ್ಣೆ ಹಚ್ಚುವುದು ಹಿಂದಿನಿಂದ ಬಂದ ರೂಢಿ. ಬಟ್ಟೆಯ ತುದಿಯಲ್ಲಿ ನಾಲ್ಕು ಹನಿ ಸಾಕು. ಹೆಚ್ಚಾದರೆ ಚರ್ಮ ಸಡಿಲಗೊಂಡು ಜೋಲುತ್ತದೆ, ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತಮೇಲೆ ಒಮ್ಮೆ.

ಪಾಲಿಷ್ ಬೇರೆ, ಎಣ್ಣೆ ಬೇರೆ. ಎಣ್ಣೆ ಊಟ, ಪಾಲಿಷ್ ಮೇಲಂಗಿ. ಪಾಲಿಷ್ ಎಂದರೆ ಮೇಣ, ಬಣ್ಣ, ಟರ್ಪೆಂಟೈನ್. ಕಿವಿ ಎಂಬ ಹಕ್ಕಿಯ ಚಿತ್ರದ ಡಬ್ಬಿಯನ್ನು ನೋಡದ ಕೆಡೆಟ್ ಇಲ್ಲ. ಅದನ್ನು ೧೯೦೬ರಲ್ಲಿ ಮೆಲ್ಬರ್ನ್ ನಗರದಲ್ಲಿ ಮಾರಲು ಹೊರಟ ವಿಲಿಯಂ ರಾಮ್ಸೆ, ತನ್ನ ಹೆಂಡತಿಯ ತವರಾದ ನ್ಯೂಜಿಲೆಂಡಿನ ಹಕ್ಕಿಯ ಹೆಸರನ್ನು ಇಟ್ಟನಂತೆ. ಬ್ರಷ್ಷಿನಿಂದ ಧೂಳು ತೆಗೆಯದೆ ಪಾಲಿಷ್ ಹಚ್ಚುವುದೆಂದರೆ ಮುಖ ತೊಳೆಯದೆ ಪೌಡರು ಹಾಕಿದಂತೆ. ಬೆರಳಿಗೆ ಬಟ್ಟೆ ಸುತ್ತಿ, ಒಂದು ಹನಿ ನೀರು, ಒಂದು ಚೂರು ಮೇಣ, ಸಣ್ಣ ಸಣ್ಣ ಸುತ್ತು. ಪದರ ಒಣಗಿದ ಮೇಲೆ ಮತ್ತೊಂದು ಪದರ. ಬೂಟಿನ ಮೂತಿಯಲ್ಲಿ ಮುಖ ಕಾಣುವವರೆಗೆ ಇದು ನಡೆಯುತ್ತದೆ. ಬೂಟು ಮಡಿಯುವ ಜಾಗಕ್ಕೆ ಮಾತ್ರ ಈ ದಪ್ಪ ಮೇಣ ಹಚ್ಚಬಾರದು, ಸಿಡಿದು ಬಿರುಕಾಗುತ್ತದೆ.

ನಾವು ಸೇರಿದ ಮೊದಲ ವಾರ ಇದನ್ನು ಮಾಡಿಕೊಂಡು ಬರಲು ಆಜ್ಞೆಯಾಯಿತು. ಹಲವರಿಗೆ ಬೂಟನ್ನು ಎಡಗೈಯ ಒಳಗೆ ತೂರಿಸಿ ಹಿಡಿಯುವುದೇ ಒಂದು ಸಂಕಟ. ಒಬ್ಬರು ತಮ್ಮ ಜೋಡಿಯನ್ನು ತಂದು ನನ್ನ ಮಂಚದ ಕೆಳಗಿಟ್ಟು, “ನಿನಗೆ ಹೇಗೂ ಬರುತ್ತದಲ್ಲ” ಎಂದರು. ಕೇಡಿನ ಮಾತಲ್ಲ, ಸಹಜವಾಗಿಯೇ ಆಡಿದ ಮಾತು. ಸಹಜವಾಗಿ ಆಡಿದ್ದರಿಂದಲೇ ಅದು ನನ್ನನ್ನು ಬಹಳ ದಿನ ಬಿಡಲಿಲ್ಲ. ನಾನು ಬೂಟನ್ನು ಎತ್ತಿ ಅವರ ಕೈಗೇ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಹೇಗೆ ಹಿಡಿಯಬೇಕೆಂದು ತೋರಿಸಿದೆ. ಈ ವರ್ಷ ನಮ್ಮ ತುಕಡಿಯಲ್ಲಿ ಅವರ ಬೂಟೇ ಮೊದಲನೆಯದು. ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿ ಒಪ್ಪಿಸಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿಯೇ ಕೇಳಿದ್ದೇವೆ. ಆ ಕಥೆ ಕೇಳಿ ಕಣ್ಣೊರೆಸಿಕೊಳ್ಳುವವರೂ ಹರಿದ ಚಪ್ಪಲಿಯನ್ನು ಕಾಲಿನಿಂದಲೇ ಅಪ್ಪನ ಮುಂದಕ್ಕೆ ತಳ್ಳುವುದನ್ನು ನಾನು ಕಂಡಿದ್ದೇನೆ.

ಚರ್ಮದ ಕೋಟಿನ ವಿಚಾರವಾಗಿ ಎರಡು ಮಾತು ಹೇಳದಿದ್ದರೆ ಮೋಟಾರ್ ಸೈಕಲ್ಲಿನ ಗೆಳೆಯರು ಕೋಪಿಸಿಕೊಂಡಾರು. ಜಿಪ್ ಇರುವ ಸವಾರನ ಕೋಟನ್ನು ನ್ಯೂಯಾರ್ಕಿನಲ್ಲಿ ಇರ್ವಿಂಗ್ ಶಾಟ್ ಹೊಲಿದದ್ದು ೧೯೨೮ರಲ್ಲಿ. ಅದು ಬಿದ್ದಾಗ ಮೈಯ ಚರ್ಮದ ಬದಲು ತಾನು ಸವೆಯಲೆಂದು ಮಾಡಿದ ವಸ್ತು. ಕುರಿಯ ಚರ್ಮದ್ದು ಮೆತ್ತಗೆ, ಚೆಂದ. ಆದರೆ ರಸ್ತೆಗೆ ದನ ಎಮ್ಮೆಗಳ ದಪ್ಪ ಚರ್ಮವೇ ಬೇಕು. ಅಗಲವಾದ ಗೂಟಕ್ಕೆ ತೂಗುಹಾಕಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ಮಲೆನಾಡಿನ ಮಳೆಗಾಲದಲ್ಲಿ ವಾರದೊಳಗೆ ಬೂಷ್ಟು ಹಿಡಿದು ಬೆಳ್ಳಗಾಗುತ್ತದೆ. ನಮ್ಮ ಬಿಸಿಲಿಗೆ ಕೆಲಸದ ಉಡುಪೆಂದರೆ ದಪ್ಪ ಹತ್ತಿಯ ಖಾಕಿಯೇ ಸರಿ. ಖಾಕಿಯೆಂದರೆ ಪಾರಸಿಯಲ್ಲಿ ಮಣ್ಣಿನ ಬಣ್ಣದ್ದೆಂದರ್ಥ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ನೇಯ್ಗೆಗಾರರು ಈ ಬಣ್ಣ ಕಟ್ಟಿದರೆಂಬ ಹೆಮ್ಮೆ ಕರಾವಳಿಯವರಿಗಿದೆ.

ಬಳಸದೆ ಇಟ್ಟ ವಸ್ತು ಹೆಚ್ಚು ಬಾಳುತ್ತದೆಂದು ತಿಳಿಯಬಾರದು. ನಮ್ಮೂರಿನ ತೋಟದ ಮಾಲೀಕರೊಬ್ಬರು ಬೆಲೆ ಬಾಳುವ ಬೂಟೊಂದನ್ನು ಆರು ವರ್ಷ ಬೀರುವಿನಲ್ಲಿಟ್ಟು, ಮಗಳ ಮದುವೆಯ ಓಡಾಟಕ್ಕೆಂದು ಹೊರತೆಗೆದರು. ಛತ್ರದ ಮೆಟ್ಟಿಲು ಹತ್ತುವಷ್ಟರಲ್ಲಿ ಅಡಿಯೆಲ್ಲ ಮೈಸೂರುಪಾಕಿನಂತೆ ಪುಡಿ ಪುಡಿಯಾಗಿ ಉದುರಿತು. ಕಳ್ಳಮಾಲೆಂದು ಅವರು ಅಂಗಡಿಯವನನ್ನು ಬೈದರು. ವಾಸ್ತವವಾಗಿ ಪಾಲಿಯುರೆಥೇನ್ ಎಂಬ ವಸ್ತುವಿನ ಅಡಿಗಳು ಗಾಳಿಯ ತೇವವನ್ನು ಹೀರಿ ಒಳಗೊಳಗೇ ಒಡೆಯುತ್ತವೆ. ಕಪಾಟಿನಲ್ಲಿ ಸುಮ್ಮನಿದ್ದರೂ ಒಡೆಯುತ್ತವೆ. ಹಾಗೆಂದು ಒಂದೇ ಜೋಡಿಯನ್ನು ದಿನವೂ ತೊಡುವುದೂ ಸಲ್ಲ. ಕಾಲಿನ ಬೆವರು ಒಣಗಲು ಒಂದು ದಿನ ಬೇಕು. ಎರಡು ಜೋಡಿಗಳನ್ನು ಸರದಿಯಂತೆ ಹಾಕಿದರೆ ಎರಡರ ಆಯುಸ್ಸೂ ಹೆಚ್ಚುತ್ತದೆ. ಇದು ಎರಡು ಜೋಡಿ ಕೊಳ್ಳಬಲ್ಲವರಿಗೆ ಹೇಳುವ ಮಾತೆಂದು ಬಲ್ಲೆ. ಕೆಸರುಗದ್ದೆಯಲ್ಲಿ ನಿಲ್ಲುವವರು ಈ ಯಾವ ಚಿಂತೆಯೂ ಇಲ್ಲದೆ ರಬ್ಬರಿನ ಗಮ್‌ಬೂಟು ಹಾಕಿಕೊಳ್ಳುವುದೇ ಜಾಣತನ.

ನಮ್ಮೂರಿನಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಊರೆಲ್ಲ ಅಪ್ಪನನ್ನು “ಏನಯ್ಯಾ” ಎಂದರೆ ಅವರೊಬ್ಬರು “ಮೇಸ್ತ್ರಿಗಳೇ” ಎನ್ನುತ್ತಾರೆ. ಅವರ ಕಂದು ಬಣ್ಣದ ಹೊಲಿಗೆಯ ಬೂಟಿಗೆ ಇಪ್ಪತ್ತೆರಡು ವರ್ಷ. ಅಪ್ಪ ಅದಕ್ಕೆ ಐದು ಸಲ ಅಟ್ಟೆ ಹಾಕಿದ್ದಾರೆ, ಹಿಮ್ಮಡಿಗೆ ಲೆಕ್ಕವಿಲ್ಲ. ಅಂಥ ಬೂಟು ಈಗ ಊರಿನಲ್ಲಿ ಮೂರೋ ನಾಲ್ಕೋ ಉಳಿದಿವೆ. ಮೊದಲು ಅಪ್ಪನ ಮುಂದೆ ಬೆಳಗಿನಿಂದಲೇ ಜೋಡುಗಳ ಸಾಲು ಇರುತ್ತಿತ್ತು. ಈಗ ಬರುವವುಗಳಲ್ಲಿ ಬಹುಪಾಲು ಅಚ್ಚಿನ ಅಡಿಯವು. “ಇದಕ್ಕೆ ಏನೂ ಮಾಡಕ್ಕಾಗಲ್ಲ ಸ್ವಾಮಿ, ಹೊಸದು ತಗೊಳ್ಳಿ” ಎಂದು ಹೇಳಿ ಹಿಂದಿರುಗಿಸುವುದು ಅವರಿಗೆ ಕೂಲಿ ಹೋದುದಕ್ಕಿಂತ ಹೆಚ್ಚಿನ ನೋವು. ಬಾಳಿಕೆ ಎಂಬುದು ಚರ್ಮದಲ್ಲಿ ಅರ್ಧ, ಬಿಚ್ಚಿ ಹೊಲಿಯಬಲ್ಲ ಕೈಯಲ್ಲಿ ಅರ್ಧ. ಮೂವತ್ತು ವರ್ಷ ಬರುವ ಬೂಟನ್ನು ಕೊಳ್ಳಿರೆಂದು ನಾನಿಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಎಂಟನೆಯ ವರ್ಷ ಅದರ ಅಟ್ಟೆ ಸವೆದಾಗ ಆ ಮರದ ಬುಡದಲ್ಲಿ ಯಾರು ಕುಳಿತಿರುತ್ತಾರೆ?

ಅಪ್ಪ ನನಗೆ ಆರಿ ಹಿಡಿಯಲು ಬಿಟ್ಟವರಲ್ಲ. “ಈ ಕೈ ಬರೆಯೋ ಕೈ, ಚುಚ್ಚಿಸಿಕೊಳ್ಳಬೇಡ” ಎನ್ನುತ್ತಿದ್ದರು. ನಾನು ಬಿ.ಎ. ಮುಗಿಸಿ, ಪರೀಕ್ಷೆ ಬರೆದು, ಫ್ಯಾನಿನ ಕೆಳಗೆ ಕೂರುವ ಕೆಲಸ ಹಿಡಿಯಬೇಕೆಂಬುದು ಅವರ ಆಸೆ. ಆ ಆಸೆಯ ಹಿಂದೆ ಕಾಲಿನಿಂದ ತಳ್ಳಿದ ಚಪ್ಪಲಿಗಳು ಎಷ್ಟಿವೆಯೋ ನಾನು ಎಣಿಸಿಲ್ಲ. ಅವರ ಮಾತನ್ನು ಮೀರುವ ಇಚ್ಛೆ ನನಗಿಲ್ಲ. ಆದರೂ ಕಳೆದ ರಜೆಯಲ್ಲಿ, ಕಣ್ಣು ಮಂಜಾಗಿ ದಾರ ಪೋಣಿಸಲು ಅವರು ತಡವರಿಸಿದಾಗ, ನಾನು ಕೇಳದೆಯೇ ಬೂಟನ್ನು ಕಬ್ಬಿಣದ ಅಡಿಯ ಮೇಲಿಟ್ಟು ಎರಡನೆಯ ಹೊಲಿಗೆಯನ್ನು ಬಿಚ್ಚಲು ತೊಡಗಿದೆ. ಅವರು ಬೇಡವೆನ್ನಲಿಲ್ಲ. ಹೌದೆಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ರಂಪಿಗೆ ಅಷ್ಟು ಓರೆ ಬೇಡ, ಪಟ್ಟಿ ಕೊಯ್ದೀತು” ಎಂದರು.

ಸುಬೇದಾರರ ಬೂಟಿಗೆ ಆರನೆಯ ಅಟ್ಟೆ ಬೀಳಬೇಕಾಗಿದೆ. ತೊಗಟೆಯ ಹದದ ದಪ್ಪ ಚರ್ಮ ಈಗ ನಮ್ಮ ಪೇಟೆಯಲ್ಲಿ ಸಿಗದು. ಪರೀಕ್ಷೆ ಮುಗಿಸಿ ಬರುವಾಗ ಐದು ಮಿಲಿಮೀಟರ್ ದಪ್ಪದ್ದು ಒಂದು ತುಂಡು, ದಾರದ ಉಂಡೆ ಎರಡು, ಜೇನುಮೇಣ ಕಾಲು ಕೆ.ಜಿ. ತರಬೇಕೆಂದು ಮೊನ್ನೆ ಅಪ್ಪ ಫೋನಿನಲ್ಲಿ ಬರೆಸಿದ್ದಾರೆ. ಮಳೆ ಹಿಡಿಯುವುದರೊಳಗೆ ಬೂಟು ಬೇಕೆಂದು ಸುಬೇದಾರರು ಎರಡು ಸಲ ಬಂದು ಕೇಳಿ ಹೋದರಂತೆ.